ಅಡುಗೆಮನೆ ಗೋಡೆಯೊಳಗಿನ ವೈರು

ಆ ಚಳಿಗಾಲ ಸಿಹಾಮಳ ಮನೆಯಲ್ಲಿ ದಿನಾ ಒಂದೇ ರಗಳೆ. ಗಂಡ ನವ್ವಾಫ್ ಸಂಜೆ ಬಂದವನೇ ಕಾರನ್ನು ಚಾರ್ಜಿಗೆ ಹಾಕುತ್ತಿದ್ದ. ಒಳಗೆ ಸಿಹಾಮ್ ಓವನ್ ಹಚ್ಚುತ್ತಿದ್ದಳು. ಹತ್ತು ನಿಮಿಷ ಆಗುವಷ್ಟರಲ್ಲಿ ಟಪ್ ಅಂತ ಸದ್ದು. ಅಡುಗೆಮನೆ, ಬಚ್ಚಲುಮನೆ ಎರಡೂ ಕತ್ತಲು. ನವ್ವಾಫ್ ಮೊಬೈಲಿನ ಬೆಳಕು ಹಿಡಿದು ಮೆಟ್ಟಿಲ ಕೆಳಗಿನ ಮೇನ್ ಬೋರ್ಡಿಗೆ ಹೋಗಿ, ಬಿದ್ದ ಎಂಸಿಬಿ ಸ್ವಿಚ್ಚನ್ನು ಎತ್ತಿ ಬರಬೇಕು. ಇನ್ನೇನು ಬಂದು ಕೂತ ಅನ್ನುವಾಗ ಮತ್ತೆ ಟಪ್.

"ಮೊದಲು ಕಾರಿಗೆ ಊಟವೋ ನಮಗೆ ಊಟವೋ, ಯಾವುದಾದರೂ ಒಂದು ತೀರ್ಮಾನ ಮಾಡು," ಎಂದು ಸಿಹಾಮ್ ಗೊಣಗುತ್ತಿದ್ದಳು.

"ನಿನ್ನ ತಮ್ಮನಿಗೆ ಹೇಳು. ವೈರು ಎಳೆದವನು ಅವನೇ ತಾನೆ," ಎನ್ನುತ್ತಿದ್ದ ನವ್ವಾಫ್.

ಜೋರ್ಡಾನ್ ದೇಶದ ಉತ್ತರ ಭಾಗದಲ್ಲಿ, ಇರ್ಬಿದ್ ಪಟ್ಟಣಕ್ಕೆ ಅಂಟಿಕೊಂಡ ಐದೂನ್ ಅವರ ಊರು. ಪೆಟ್ರೋಲಿಗೆ ಸುರಿದು ಸಾಕಾದವರೆಲ್ಲ ಅಲ್ಲಿ ಹಳೆಯ ಎಲೆಕ್ಟ್ರಿಕ್ ಕಾರು ಕೊಂಡಿದ್ದರು. ನವ್ವಾಫನೂ ಕೊಂಡಿದ್ದ. ಅವನದು ಹಲ್ಲಿನ ಸೆಟ್ಟು ಮಾಡುವ ಕೆಲಸ. ದಂತವೈದ್ಯರು ಅಳತೆ ಕಳಿಸಿದರೆ ಇವನು ಮೇಣದಲ್ಲಿ ಒಂದೊಂದೇ ಹಲ್ಲು ಕೆತ್ತಿ ಕೂರಿಸುತ್ತಿದ್ದ. ಮೂರು ಪಟ್ಟಣದ ವೈದ್ಯರಿಗೆ ಅವನ ಕೈಯ ಕೆಲಸವೇ ಆಗಬೇಕು. ಅದನ್ನು ಹಂಚಿ ಬರಲು ಈ ಕಾರು.

ಸಿಹಾಮಳ ತಮ್ಮ ಖಲ್ದೂನ್ ಎಲೆಕ್ಟ್ರಿಷಿಯನ್. ಹಿರಿಮಗ ಯಮಾನನ ಹೆಸರು ಹಿಡಿದು ಊರೆಲ್ಲ ಅವನನ್ನು ಅಬು ಯಮಾನ್, ಅಂದರೆ ಯಮಾನನ ಅಪ್ಪ, ಎಂದೇ ಕರೆಯುತ್ತಿತ್ತು. ಇಪ್ಪತ್ತೇಳು ವರ್ಷ ವೈರು ಎಳೆದ ಕೈ. ತಾಯಿ ಸತ್ತಾಗ ಅವನಿಗೆ ಆರು ವರ್ಷ, ಸಿಹಾಮಳಿಗೆ ಹದಿನೈದು. ಅವಳೇ ಮೀಯಿಸಿ, ಉಣಿಸಿ, ಶಾಲೆಗೆ ಬಿಟ್ಟು ಬೆಳೆಸಿದವಳು.

ಅಕ್ಕ ಕರೆದದ್ದೇ ಖಲ್ದೂನ್ ಬಂದ. ಬೋರ್ಡು ಬಿಚ್ಚಿದ. ಇಪ್ಪತ್ತು ಆಂಪಿಯರ್ ಎಂಸಿಬಿಯನ್ನು ಕಿತ್ತು ನಲವತ್ತರದ್ದು ಕೂರಿಸಿದ. ಐದು ನಿಮಿಷದ ಕೆಲಸ.

"ಇನ್ನು ಬೀಳಲ್ಲ, ಅಕ್ಕ. ಕಾರು, ಓವನ್, ಗೀಸರ್ ಎಲ್ಲ ಒಟ್ಟಿಗೆ ಹಾಕು. ಬಿದ್ರೆ ನನ್ನ ಹೆಸರು ಬದಲಾಯಿಸು."

ಅವತ್ತಿನಿಂದ ಬೀಳಲಿಲ್ಲ. ಸಿಹಾಮ್ ಅವನಿಗೆ ಮರಮಿಯ್ಯಾ ಎಂಬ ಘಮದ ಎಲೆ ಹಾಕಿದ ಚಹಾ ಕೊಟ್ಟು, "ನನ್ನ ತಮ್ಮನ ಕೈ ಮುಟ್ಟಿದ್ರೆ ಸಾಕು, ರಿಪೇರಿ," ಎಂದು ಪಕ್ಕದ ಮನೆಯವರ ಮುಂದೆ ಹೇಳಿಕೊಂಡಳು.

ಆದರೆ ಗೋಡೆಯೊಳಗೆ ಏನಿದೆ ಎನ್ನುವುದು ಖಲ್ದೂನನಿಗೆ ಗೊತ್ತಿತ್ತು. ಬೇಸಿಗೆ ಕಳೆದ ಮೇಲೆ ಚಾರ್ಜರ್ ಕೂರಿಸುವಾಗ ಮೇನ್ ಬೋರ್ಡಿನಿಂದ ಕಾರು ನಿಲ್ಲಿಸುವ ಜಾಗದವರೆಗೆ ಹೊಸ ಲೈನು ಎಳೆಯಬೇಕಿತ್ತು. ಮನೆಯನ್ನು ಅರ್ಧ ಸುತ್ತು ಹಾಕಬೇಕು, ಎರಡು ದಿನ ಗಾರೆ ಒಡೆಯಬೇಕು. ಅಕ್ಕ ಆಗತಾನೆ ಬಣ್ಣ ಹೊಡೆಸಿದ್ದಳು. ಅಡುಗೆಮನೆಯ ಗೋಡೆಯ ಆಚೆ ಬದಿಗೇ ಕಾರು ನಿಲ್ಲುತ್ತಿತ್ತು. ವ್ಯಾನಿನಲ್ಲಿ ಬೇರೆ ಕೆಲಸದಲ್ಲಿ ಉಳಿದ ಎರಡೂವರೆ ಎಂಎಂನ ತೆಳು ವೈರಿನ ಸುರುಳಿ ಇತ್ತು. ಗೋಡೆಗೆ ಒಂದು ತೂತು ಕೊರೆದ. ಅಡುಗೆಮನೆಯ ಲೈನಿಗೇ ವೈರು ಹೊಸೆದು, ಟೇಪು ಸುತ್ತಿ, ಗಾರೆ ಮುಚ್ಚಿ, ಅದರ ಮುಂದೆ ಮರದ ಕಪಾಟನ್ನು ಹಿಂದಿನ ಜಾಗಕ್ಕೇ ತಳ್ಳಿಬಿಟ್ಟ. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಹೀಗೆ ಎಷ್ಟೋ ಮನೆಗೆ ಮಾಡಿದ್ದ, ಎಲ್ಲೂ ಏನೂ ಆಗಿರಲಿಲ್ಲ.

ಮೂರು ವಾರ ಕಳೆದಿರಬಹುದು. ಸಿಹಾಮ್ ಫೋನಿನಲ್ಲಿ ಅದೂ ಇದೂ ಮಾತಾಡುತ್ತ ಹೇಳಿದಳು:

"ಖಲ್ದೂನ್, ನಮ್ಮ ಬೆಕ್ಕು ಈಗ ಸೋಬಾ ಒಲೆ ಹತ್ತಿರ ಮಲಗೋದೇ ಬಿಟ್ಟಿದೆ ಕಣೋ. ಕಪಾಟಿನ ಪಕ್ಕದ ಗೋಡೆಗೆ ಬೆನ್ನು ಒತ್ತಿಕೊಂಡು ಬಿದ್ದಿರುತ್ತೆ. ನಾನೂ ಕೈ ಇಟ್ಟು ನೋಡ್ದೆ. ಗೋಡೆ ಬೆಚ್ಚಗಿದೆ."

ಖಲ್ದೂನ್ ನಕ್ಕ. "ಒಳ್ಳೇದಾಯ್ತಲ್ಲ. ಸೋಬಾಗೆ ಹಾಕೋ ಸೀಮೆಎಣ್ಣೆ ಉಳೀತು."

"ತಮಾಷೆ ಅಲ್ಲ. ಏನೋ ವಾಸನೆ ಕೂಡ. ಮೀನು ಹುರಿದ ಹಾಗೆ. ನಾವು ಮೀನು ತಂದು ತಿಂಗಳಾಯ್ತು."

"ಮೇಲಿನ ಮನೆಯವಳು ಹುರಿದಿರ್ತಾಳೆ, ಅಕ್ಕ."

ಫೋನು ಇಟ್ಟ ಮೇಲೆ ಅವನ ನಗು ಆರಿತು. ವೈರಿನ ಮೇಲಿನ ಪ್ಲಾಸ್ಟಿಕ್ಕು ಕಾದರೆ ಮೀನಿನಂಥ ವಾಸನೆ ಬರುತ್ತದೆ ಎನ್ನುವುದು ಅವನ ಕಸುಬಿನವರಿಗೆಲ್ಲ ಗೊತ್ತಿರುವ ಮಾತು. ಮುಂದಿನ ವಾರ ಹೋಗಿ ನೋಡೋಣ ಎಂದುಕೊಂಡ.

ಹೋದ ಕೂಡ. ಆದರೆ ಮೆಟ್ಟಿಲ ಹತ್ತಿರ ಮೇಲಿನ ಮಹಡಿಯ ಬಾಡಿಗೆಯವಳು ಎದುರಾದಳು. ರುಬಾ ಅಂತ, ವಿದ್ಯುತ್ ಕಚೇರಿಯಲ್ಲಿ ಇಂಜಿನಿಯರ್. ಮೂವತ್ತು ದಾಟಿರಲಿಲ್ಲ. ತೆರೆದಿದ್ದ ಮೇನ್ ಬೋರ್ಡನ್ನೇ ನೋಡುತ್ತ ನಿಂತಿದ್ದಳು.

"ಅಬು ಯಮಾನ್, ಇಲ್ಲಿಗೆ ನಲವತ್ತು ಆಂಪಿಯರ್ ಹಾಕಿದ್ದೀರಿ. ಒಳಗಿನ ವೈರು ಎಷ್ಟು ದಪ್ಪ?"

"ಬೇಕಾದಷ್ಟು ದಪ್ಪ."

"ಆರು ಎಂಎಂ ಇದೆಯಾ?"

ಖಲ್ದೂನ್ ಬೋರ್ಡಿನ ಬಾಗಿಲು ಮುಚ್ಚಿದ.

"ಬೇಜಾರು ಮಾಡ್ಕೋಬೇಡಿ," ಎಂದಳು ರುಬಾ. "ಎಂಸಿಬಿ ಇರೋದು ಕಾರನ್ನ ಕಾಯೋದಕ್ಕಲ್ಲ, ವೈರನ್ನ ಕಾಯೋದಕ್ಕೆ. ವೈರು ತಾಳಲಾರದಷ್ಟು ಕರೆಂಟು ಹರಿದ್ರೆ ಅದು ಬೀಳಬೇಕು. ದಿನಾ ಬೀಳ್ತಿತ್ತು ಅಂದ್ರೆ ಅದು ಕೆಟ್ಟಿರಲಿಲ್ಲ, ಸರಿಯಾಗೇ ಕೆಲಸ ಮಾಡ್ತಿತ್ತು. ಈಗ ದೊಡ್ಡದು ಹಾಕಿ ಅದರ ಬಾಯಿ ಮುಚ್ಚಿಸಿದ್ದೀರಿ. ವೈರು ಕೆಂಪಗೆ ಕಾದ್ರೂ ಅದು ಸುಮ್ಮನಿರುತ್ತೆ."

"ಮಗಳೇ, ನೀನು ಹುಟ್ಟೋ ಮುಂಚೆಯಿಂದ ನಾನು ವೈರು ಎಳೀತಿದ್ದೀನಿ."

"ಆಗ ಯಾರ ಮನೇಲೂ ಕಾರು ಚಾರ್ಜ್ ಮಾಡ್ತಿರಲಿಲ್ಲ. ಓವನ್ ಒಂದು ಗಂಟೆ ಉರಿದು ಆರುತ್ತೆ. ಕಾರು ಆರೇಳು ಗಂಟೆ ಎಡೆಬಿಡದೆ ಎಳೆಯುತ್ತೆ, ಅದೂ ಮೂವತ್ತೆರಡು ಆಂಪಿಯರ್. ಗೋಡೆ ಒಡೆದು ನೋಡಿಬಿಡಿ. ನಾನೂ ಇದೇ ಮನೇಲಿ ಮಲಗ್ತೀನಿ."

ಒಳಗಿಂದ ಸಿಹಾಮ್, "ಏನಂತೆ ಅದು?" ಎಂದು ಕೂಗಿ ಕೇಳಿದಳು.

"ಏನಿಲ್ಲ ಅಕ್ಕ. ಇಂಜಿನಿಯರಮ್ಮ ಪಾಠ ಹೇಳಿಕೊಡ್ತಿದ್ದಾಳೆ," ಎಂದ ಖಲ್ದೂನ್. ಸಿಹಾಮ್ ನಕ್ಕಳು. ರುಬಾ ನಗಲಿಲ್ಲ. ಮೇಲೆ ಹತ್ತಿ ಹೋದಳು.

ಅವನು ಅಂದು ಕಪಾಟನ್ನು ಸರಿಸಲೇ ಇಲ್ಲ. ಸರಿಸಿದ್ದರೆ ಗೋಡೆ ಒಡೆಯಬೇಕಿತ್ತು. ಒಡೆದರೆ, ಮೊದಲ ಸಲ ಮಾಡಿದ ಕೆಲಸ ತಪ್ಪು ಎಂದು ಅಕ್ಕನ ಮುಂದೆ, ಭಾವನ ಮುಂದೆ, ಆ ಹುಡುಗಿಯ ಮುಂದೆ ಒಪ್ಪಿಕೊಳ್ಳಬೇಕಿತ್ತು. ಚಳಿ ಕಳೆಯಲಿ, ಆಮೇಲೆ ಯಾರಿಗೂ ಗೊತ್ತಾಗದ ಹಾಗೆ ಬದಲಾಯಿಸುತ್ತೇನೆ ಎಂದುಕೊಂಡು ವ್ಯಾನು ಹತ್ತಿದ.

ಫೆಬ್ರವರಿಯ ಒಂದು ಶುಕ್ರವಾರ. ಸಿಹಾಮ್ ತಮ್ಮನ ಮನೆಯವರನ್ನು ಮಧ್ಯಾಹ್ನದ ಊಟಕ್ಕೆ ಕರೆದಿದ್ದಳು. ಮಕ್ಮೂರಾ ಮಾಡುತ್ತಿದ್ದಳು. ರೊಟ್ಟಿಯ ಹಾಳೆ, ಕೋಳಿ, ಈರುಳ್ಳಿ, ಮತ್ತೆ ರೊಟ್ಟಿಯ ಹಾಳೆ ಎಂದು ಪದರ ಪದರವಾಗಿ ಜೋಡಿಸಿ, ಆಲಿವ್ ಎಣ್ಣೆ ಸುರಿದು ಓವನ್ನಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಅಡುಗೆ ಅದು. ನವ್ವಾಫ್ ಮರುದಿನ ದೂರ ಹೋಗುವುದಿತ್ತು ಎಂದು ಬೆಳಗ್ಗೆಯೇ ಕಾರನ್ನು ಚಾರ್ಜಿಗೆ ಹಾಕಿದ್ದ.

ಖಲ್ದೂನ್, ಅವನ ಹೆಂಡತಿ ಇನ್ಸಾಫ್ ನಮಾಜು ಮುಗಿಯುವ ಹೊತ್ತಿಗೆ ಹೊರಟರು. ಮನೆಯ ತಿರುವಿಗೆ ಬಂದಾಗ ಇನ್ಸಾಫ್, "ಯಾರ ಮನೇಲೋ ಏನೋ ಸುಡ್ತಿದ್ದಾರೆ," ಎಂದಳು. ಖಲ್ದೂನ್ ಹೊಗೆಯ ಬಣ್ಣ ನೋಡಿದ. ಕಪ್ಪಗಿತ್ತು. ವ್ಯಾನನ್ನು ರಸ್ತೆಯ ನಡುವೆಯೇ ಬಿಟ್ಟು ಓಡಿದ.

ಸಿಹಾಮ್ ಅಂಗಳದಲ್ಲಿ ಬರಿಗಾಲಲ್ಲಿ ನಿಂತಿದ್ದಳು. ರುಬಾ ಅವಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಮೇನ್ ಸ್ವಿಚ್ಚು ಇಳಿಸಿ, ಅಗ್ನಿಶಾಮಕಕ್ಕೆ ಫೋನು ಮಾಡಿ, ಇವಳನ್ನು ಹೊರಗೆ ಎಳೆದು ತಂದದ್ದೂ ರುಬಾಳೇ.

"ಭಾವ ಎಲ್ಲಿ?"

ಸಿಹಾಮ್ ಬಾಗಿಲ ಕಡೆ ಕೈ ತೋರಿಸಿದಳು. "ಸಿಲಿಂಡರ್," ಎಂದಳು ಅಷ್ಟೇ.

ಕಪಾಟು ಹೊತ್ತಿ ಉರಿಯುತ್ತಿತ್ತು. ಅದರ ಪಕ್ಕದಲ್ಲೇ ಗ್ಯಾಸ್ ಸಿಲಿಂಡರ್ ಇತ್ತು. ಅದು ಸಿಡಿದರೆ ಮನೆಯೇ ಉಳಿಯುವುದಿಲ್ಲ ಎಂದು ನವ್ವಾಫ್ ಒಳಗೆ ನುಗ್ಗಿದ್ದ. ಖಲ್ದೂನ್ ಬಾಗಿಲು ಮುಟ್ಟುವಷ್ಟರಲ್ಲಿ ಅವನು ಸಿಲಿಂಡರನ್ನು ಅಪ್ಪಿಕೊಂಡು ಹೊರಗೆ ಬಂದ. ಅಂಗಳದ ತುದಿವರೆಗೆ ಹೋಗಿ ನೆಲಕ್ಕೆ ಇಟ್ಟ. ಕೈ ಬಿಡಿಸಿಕೊಳ್ಳಲು ಅವನಿಗೆ ಆಗಲಿಲ್ಲ. ಕಾದ ಉಕ್ಕಿಗೆ ಅಂಗೈಯ ಚರ್ಮ ಅಂಟಿತ್ತು.

ಅಗ್ನಿಶಾಮಕದವರು ಬೇಗನೇ ಬಂದರು. ಅಡುಗೆಮನೆ ಒಂದೇ ಸುಟ್ಟು ಹೋಯಿತು, ಉಳಿದ ಮನೆ ಉಳಿಯಿತು.

ಆಸ್ಪತ್ರೆಯಲ್ಲಿ ನವ್ವಾಫನ ತೊಡೆಯಿಂದ ಚರ್ಮ ತೆಗೆದು ಎರಡೂ ಅಂಗೈಗೆ ಹಾಕಿದರು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಮುಂದೆ ಮಡಚುವುದು ಕಷ್ಟ ಎಂದರು ವೈದ್ಯರು. ಮೇಣ ಕೆತ್ತುವ ಸಣ್ಣ ಚಾಕುವನ್ನು ಹಿಡಿಯುವುದು ಆ ಎರಡು ಬೆರಳೇ.

ನೋಡಲು ಬಂದವರೆಲ್ಲ ಒಂದೇ ಮಾತಾಡುತ್ತಿದ್ದರು. "ಈ ಕರೆಂಟ್ ಕಾರುಗಳೇ ಹೀಗೆ. ಬ್ಯಾಟರಿ ಸಿಡಿಯುತ್ತಂತೆ."

"ಚಾರ್ಜರೇ ಕಳಪೆ ಇರಬೇಕು."

ನವ್ವಾಫ್ ಹಾಸಿಗೆಯಿಂದಲೇ, "ದೇವರು ಬರೆದದ್ದು. ಜೀವ ಉಳೀತಲ್ಲ," ಎನ್ನುತ್ತಿದ್ದ. ಆಮೇಲೆ ಖಲ್ದೂನನ ಕಡೆ ತಿರುಗಿ, "ನೀನು ಯಾಕೋ ಇಷ್ಟು ಸೊರಗಿದ್ದೀಯ? ಊಟ ಮಾಡು. ನಾನು ಮಾಡಿಕೊಟ್ಟ ಹಲ್ಲು ಇರೋದು ಯಾಕೆ?" ಎಂದು ಗೇಲಿ ಮಾಡಿದ.

ಖಲ್ದೂನನ ಬಾಯಲ್ಲಿದ್ದ ಮೇಲಿನ ಸಾಲಿನ ಹಲ್ಲುಗಳು ಭಾವನೇ ಕೆತ್ತಿದ್ದು. ಅವನು ಹೊರಗೆ ಹೋಗಿ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತ. "ಹೌದು, ಚಾರ್ಜರ್ ಕಳಪೆ," ಎಂದು ಆ ದಿನ ಅವನೂ ಇಬ್ಬರಿಗೆ ಹೇಳಿದ್ದ. ಮನೆಗೆ ಬಂದು ತಟ್ಟೆಯ ಮುಂದೆ ಕೂತ. ರೊಟ್ಟಿ ಬಾಯಲ್ಲೇ ಉಳಿಯಿತು. ಇನ್ಸಾಫ್ ನೋಡುತ್ತಲೇ ಇದ್ದಳು.

"ಅಬು ಯಮಾನ್, ಏನೋ ಇದೆ. ನನಗೆ ಹೇಳದಿದ್ರೂ ಪರವಾಗಿಲ್ಲ, ಹೇಳಬೇಕಾದವರಿಗೆ ಹೇಳು," ಎಂದಳು.

ನಾಲ್ಕನೆಯ ದಿನ ಖಲ್ದೂನ್ ಸುಟ್ಟ ಅಡುಗೆಮನೆಗೆ ಹೋದ. ರುಬಾ ಮೊದಲೇ ಅಲ್ಲಿದ್ದಳು. ಕಚೇರಿಯಿಂದ ತನಿಖೆಗೆ ಕಳಿಸಿದ್ದರು. ಕೈಯಲ್ಲಿ ಒಂದು ಗೇಣು ಉದ್ದದ ವೈರಿನ ತುಂಡು. ಹೊಸೆದ ಗಂಟು ಕರಗಿ ಒಂದು ಹುಣಸೆಬೀಜದಷ್ಟು ಉಂಡೆಯಾಗಿತ್ತು.

"ಕಾರು ನೋಡಿದ್ರಾ?" ಎಂದಳು. "ಮೇಲೆ ಮಸಿ ಬಿಟ್ರೆ ಏನೂ ಆಗಿಲ್ಲ. ನಾನೇ ಸ್ಟಾರ್ಟ್ ಮಾಡಿ ಪಕ್ಕಕ್ಕೆ ನಿಲ್ಲಿಸ್ದೆ. ಚಾರ್ಜರೂ ಸರಿಯಾಗಿದೆ."

ಖಲ್ದೂನ್ ಅವಳ ಕೈಯಲ್ಲಿದ್ದ ವೈರಿನ ತುಂಡು ನೋಡಿದ.

"ಎರಡೂವರೆ ಎಂಎಂ," ಎಂದ.

"ಅಳೆದು ನೋಡ್ದೆ."

"ನಾನು ಅವತ್ತು ಗೋಡೆ ಒಡೀಬೇಕಿತ್ತು."

"ಒಡೀಬೇಕಿತ್ತು," ಎಂದಳು ರುಬಾ. ದನಿ ಏರಿಸಲಿಲ್ಲ. "ನಾನೂ ಅವತ್ತು ನಿಮ್ಮ ಮೇಲೆ ಕೋಪ ಮಾಡಿಕೊಂಡು ಮೇಲೆ ಹೋಗಬಾರದಿತ್ತು. ಒಳಗೆ ಬಂದು ಸಿಹಾಮಕ್ಕನಿಗೇ ಹೇಳಬೇಕಿತ್ತು. ಕಚೇರಿಗೆ ನಾನು ಬರೆದು ಕೊಡಲೇಬೇಕು, ಅಬು ಯಮಾನ್. ಅಕ್ಕನಿಗೆ ಹೇಳೋದು ಮಾತ್ರ ನಿಮ್ಮ ಕೆಲಸ."

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಸಿಹಾಮ್ ಒಬ್ಬಳೇ ಕೂತಿದ್ದಾಗ ಖಲ್ದೂನ್ ಹೋಗಿ ಎದುರಿಗೆ ನಿಂತ. ಕೂರಲಿಲ್ಲ. ಎಲ್ಲ ಹೇಳಿದ. ವ್ಯಾನಿನಲ್ಲಿದ್ದ ಸುರುಳಿ, ಗೋಡೆಯೊಳಗಿನ ಗಂಟು, ನಲವತ್ತರ ಎಂಸಿಬಿ, ರುಬಾ ಎಚ್ಚರಿಸಿದ್ದು, ತಾನು ಮುಂದಕ್ಕೆ ಹಾಕಿದ್ದು. ಹೇಳಿ ಮುಗಿದ ಮೇಲೂ ಸಿಹಾಮ್ ರಸ್ತೆಯಲ್ಲಿ ಹೋಗುವ ವಾಹನಗಳನ್ನು ನೋಡುತ್ತ ಕೂತಳು.

"ಬೆಕ್ಕಿನ ವಿಷಯ ಹೇಳಿದಾಗ ನೀನು ನಕ್ಕಿದ್ದೆ," ಎಂದಳು ಕೊನೆಗೆ.

"ಹೌದು."

"ನಿನಗೆ ಗೊತ್ತಿತ್ತು."

"ಗೊತ್ತಿತ್ತು, ಅಕ್ಕ."

"ಹೊಸ ಬಣ್ಣ ಕೆಡುತ್ತೆ ಅಂತ ಬಿಟ್ಯಾ? ನನ್ನ ಒಂದು ಮಾತು ಕೇಳಿದ್ರೆ ನಾನೇ ಸುತ್ತಿಗೆ ತಂದುಕೊಡ್ತಿದ್ದೆ." ಸಿಹಾಮ್ ತಲೆಯ ಬಟ್ಟೆಯ ಅಂಚಿನಿಂದ ಮುಖ ಒರೆಸಿಕೊಂಡಳು. "ನಿಮ್ಮ ಭಾವನಿಗೆ ನಾನು ಏನು ಹೇಳಲಿ? ಅವನು ದೇವರು ಬರೆದದ್ದು ಅಂತಿದ್ದಾನೆ. ಬರೆದದ್ದು ನನ್ನ ತಮ್ಮ ಅಂತ ಹೇಳಲಾ?"

ಖಲ್ದೂನ್ ತಲೆ ತಗ್ಗಿಸಿದ.

"ಇನ್ನೂ ಎಷ್ಟು ಮನೆಗೆ ಹೀಗೆ ಮಾಡಿದ್ದೀಯ?"

ಅವನು ಮನಸ್ಸಿನಲ್ಲೇ ಬೀದಿ ಬೀದಿ ನೆನೆದ. "ಹನ್ನೊಂದು."

"ಹನ್ನೊಂದು ಮನೆ," ಎಂದಳು ಸಿಹಾಮ್. "ಅಲ್ಲಿ ಜನ ಮಲಗ್ತಾರೆ. ಹಾಗಿದ್ರೆ ಇಲ್ಲಿ ನನ್ನ ಮುಂದೆ ನಿಂತು ಏನು ಮಾಡ್ತಿದ್ದೀಯ? ಹೋಗು."

ಅದೇ ಮಧ್ಯಾಹ್ನ ಖಲ್ದೂನ್ ರುಬಾಳನ್ನು ಕರೆದುಕೊಂಡು ಮೊದಲ ಮನೆಗೆ ಹೋದ. ಪ್ರತಿ ಮನೆಯ ಬಾಗಿಲಲ್ಲೂ ಒಂದೇ ಮಾತು: "ನಾನು ನಿಮ್ಮ ಮನೆಯ ಚಾರ್ಜರ್ ವೈರನ್ನ ತಪ್ಪಾಗಿ ಹಾಕಿದ್ದೀನಿ. ಇವತ್ತಿಂದ ಕಾರನ್ನ ಚಾರ್ಜಿಗೆ ಹಚ್ಚಬೇಡಿ. ಮೊದಲು ಬದಲಾಯಿಸಬೇಕು." ಒಬ್ಬರು ಬೈದರು. ಒಬ್ಬರು ಮುಖದ ಮೇಲೆ ಬಾಗಿಲು ಹಾಕಿ ಅರ್ಧ ಗಂಟೆ ಬಿಟ್ಟು ತೆರೆದರು. ಒಬ್ಬಾಕೆ, "ಇಪ್ಪತ್ತು ವರ್ಷದಿಂದ ನಿನ್ನನ್ನ ನಂಬಿದ್ದೆ," ಎಂದು ಅಳತೊಡಗಿದಳು. ಬೈಗುಳಕ್ಕಿಂತ ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ಆದರೂ ವಾರದೊಳಗೆ ಒಬ್ಬೊಬ್ಬರಾಗಿ ಒಪ್ಪಿದರು.

ಒಪ್ಪದವನು ಅಬು ಸಖರ್ ಒಬ್ಬನೇ. ಸೇನೆಯಲ್ಲಿ ಸಾರ್ಜೆಂಟ್ ಆಗಿದ್ದು ನಿವೃತ್ತನಾದವನು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳ ಮನೆ. ಬಾಗಿಲಲ್ಲೇ ಕುರ್ಚಿ ಹಾಕಿ ಕೂತಿದ್ದ.

"ಎರಡು ವರ್ಷ ಆಯ್ತು. ದಿನಾ ಹಚ್ತೀವಿ. ಒಂದು ದಿನ ಒಂದು ಕಿಡಿ ಹಾರಿಲ್ಲ," ಎಂದ.

"ನನ್ನ ಅಕ್ಕನ ಮನೇಲೂ ಬೆಂಕಿ ಬಿದ್ದ ಹಿಂದಿನ ದಿನದವರೆಗೆ ಹಾರಿರಲಿಲ್ಲ, ಅಬು ಸಖರ್."

"ನಿನ್ನ ಅಕ್ಕನ ಮನೇಲಿ ಬ್ಯಾಟರಿ ಸಿಡೀತು. ಊರಿಗೇ ಗೊತ್ತು."

"ಬ್ಯಾಟರಿ ಅಲ್ಲ. ನಾನು."

ಅಬು ಸಖರ್ ಹುಬ್ಬು ಗಂಟಿಕ್ಕಿದ. "ಹಳೇ ಕೆಲಸಕ್ಕೇ ಮತ್ತೆ ದುಡ್ಡು ಕೀಳೋಕೆ ಬಂದಿದ್ದೀಯ, ಗೊತ್ತಾಯ್ತು. ಜೊತೆಗೆ ಕಚೇರಿಯವಳನ್ನೂ ತಂದಿದ್ದೀಯ, ಹೆದರಿಸೋಕೆ."

"ನನ್ನ ಕೂಲಿ ಬೇಡ. ಕೊಟ್ಟರೂ ತಗೊಳ್ಳಲ್ಲ. ಇವರು ಬರೆದುಕೊಟ್ಟ ಮೇಲೆ ಕಚೇರಿಯವರು ನನ್ನ ಪರವಾನಗಿನೇ ನಿಲ್ಲಿಸಿದ್ದಾರೆ. ವೈರು ಕೂರಿಸೋದು ಬೇರೆಯವರು. ನಾನು ಗೋಡೆ ಒಡೆದುಕೊಡ್ತೀನಿ ಅಷ್ಟೇ."

ಇದನ್ನು ಕೇಳಿ ಅಬು ಸಖರ್ ಅವನ ಮುಖ ನೋಡಿದ. ಅಷ್ಟರಲ್ಲಿ ಒಳಗಿನಿಂದ ಸೊಸೆ ಹಜಾರಕ್ಕೆ ಬಂದಳು.

"ಮಾವ, ಪ್ಲಗ್ಗು ಮುಟ್ಟಿದ್ರೆ ಬಿಸಿ ಇರುತ್ತೆ ಅಂತ ನಾನು ಹೋದ ತಿಂಗಳೇ ಹೇಳಿದ್ದೆ."

"ಕರೆಂಟು ಹರಿದ್ರೆ ಬಿಸಿಯಾಗದೆ ಐಸ್ ಆಗುತ್ತಾ?"

"ಬೆಚ್ಚಗಾಗಬಹುದು," ಎಂದಳು ರುಬಾ. "ಕೈ ಇಡಕ್ಕಾಗದ ಹಾಗೆ ಬಿಸಿಯಾಗಬಾರದು. ಒಂದು ಸಲ ಬಿಚ್ಚಿ ತೋರಿಸ್ತೀವಿ. ಚೆನ್ನಾಗಿದ್ರೆ ನಾವೇ ಮುಚ್ಚಿ ಹೋಗ್ತೀವಿ."

ಮೇನ್ ಸ್ವಿಚ್ಚು ಇಳಿಸಿ ರುಬಾ ಪ್ಲಗ್ಗಿನ ಪೆಟ್ಟಿಗೆಯ ಮುಚ್ಚಳ ಬಿಚ್ಚಿದಳು. ಬಿಳಿ ಪ್ಲಾಸ್ಟಿಕ್ಕು ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ವೈರಿನ ಮೇಲಿನ ಹೊದಿಕೆ ಮುಟ್ಟಿದರೆ ಹಪ್ಪಳದ ಹಾಗೆ ಮುರಿದು ಉದುರಿತು. ಒಳಗಿನ ತಾಮ್ರ ಬರಿದಾಗಿ ಕಾಣುತ್ತಿತ್ತು. ಆ ಗೋಡೆಯ ಆಚೆ ಬದಿಗೆ ಮೊಮ್ಮಕ್ಕಳು ಮಲಗುವ ಕೋಣೆ.

ಅಬು ಸಖರ್ ಕುರ್ಚಿಯಿಂದ ಎದ್ದು ಹತ್ತಿರ ಬಂದ. ಬಗ್ಗಿ ನೋಡಿದ.

"ನವ್ವಾಫ್ ಕೈ ಹೇಗಿದೆ?" ಎಂದು ಕೇಳಿದ.

"ಎರಡು ಬೆರಳು ಮಡಚಲ್ಲ," ಎಂದ ಖಲ್ದೂನ್.

"ಸರಿ. ಏನು ಮಾಡಬೇಕು ಹೇಳು, ಮಗಳೇ."

ರುಬಾ ನೆಲದ ಮೇಲೆ ಕೂತು ಬಿಡಿಸಿ ಹೇಳಿದಳು. "ಮೊದಲು ಮನೇಲಿ ಏನೇನು ಓಡುತ್ತೆ ಅಂತ ಲೆಕ್ಕ ಹಾಕೋಣ. ಗೀಸರ್, ಓವನ್, ಏಸಿ, ಎಲ್ಲ ಒಟ್ಟಿಗೆ ಓಡಿದ್ರೆ ಎಷ್ಟು, ಅದರ ಮೇಲೆ ಕಾರು ಸೇರಿದ್ರೆ ಎಷ್ಟು. ನಿಮ್ಮ ಮೀಟರಿಗೆ ಕಚೇರಿ ಕೊಟ್ಟಿರೋ ಲೋಡು ಅಷ್ಟನ್ನ ತಾಳುತ್ತಾ ಅಂತ ನೋಡಬೇಕು. ತಾಳದಿದ್ರೆ ಹೆಚ್ಚಿಗೆ ಕೇಳಿ ಅರ್ಜಿ ಹಾಕಿ."

"ಅದು ಬರೋವರೆಗೆ?"

"ಚಾರ್ಜರಿನಲ್ಲೇ ಕರೆಂಟು ಕಡಿಮೆ ಮಾಡಿ ಇಡಬಹುದು. ಮೂವತ್ತೆರಡರ ಬದಲು ಹತ್ತೋ ಹದಿನಾರೋ. ಹಾಗಂತ ಹಳೇ ವೈರಿನಲ್ಲೇ ಹಚ್ಚಬೇಡಿ. ಹೊಸ ಲೈನು ಆದ ಮೇಲೆ. ನಿಧಾನ ಆಗುತ್ತೆ ಅಷ್ಟೇ."

"ನಿಧಾನ ಆದ್ರೆ ಏನು? ಕಾರು ಬೆಳಗಿನವರೆಗೆ ಸುಮ್ಮನೆ ನಿಂತಿರುತ್ತಲ್ಲ," ಎಂದಳು ಸೊಸೆ.

"ಅದೇ ಮಾತು. ಇನ್ನು ವೈರು. ಕಾರಿಗೆ ಅದರದೇ ಬೇರೆ ಲೈನು ಬೇಕು, ಮೇನ್ ಬೋರ್ಡಿನಿಂದ ಚಾರ್ಜರಿನವರೆಗೆ ನೇರವಾಗಿ. ನಡುವೆ ಗಂಟು ಇರಬಾರದು, ಬೇರೆ ಪ್ಲಗ್ಗು ಇರಬಾರದು. ಮೂವತ್ತೆರಡು ಆಂಪಿಯರ್ ಚಾರ್ಜರಿಗೆ ಆರು ಎಂಎಂಗಿಂತ ಕಡಿಮೆ ತಾಮ್ರ ಬೇಡ. ನಿಮ್ಮದು ಬೋರ್ಡಿನಿಂದ ದೂರ ಇದೆ, ಹತ್ತು ಎಂಎಂ ಹಾಕೋಣ. ಆ ವೈರಿಗೆ ಒಪ್ಪೋ ಎಂಸಿಬಿ. ಜೊತೆಗೆ, ಕರೆಂಟು ಸೋರಿದ್ರೆ ತಕ್ಷಣ ಕಡಿಯೋ ಇನ್ನೊಂದು ಸ್ವಿಚ್ಚು. ಮಳೇಲಿ ಮಕ್ಕಳು ಕಾರು ಮುಟ್ಟಿದ್ರೆ ಜೀವ ಉಳಿಸೋದು ಅದೇ. ಅರ್ಥಿಂಗು ಸರಿ ಇದೆಯಾ ಅಂತ ಮೀಟರ್ ಇಟ್ಟು ಪರೀಕ್ಷೆ ಮಾಡ್ತೀವಿ, ಕಣ್ಣಳತೆಯಲ್ಲಿ ಅಲ್ಲ."

"ಇದನ್ನೆಲ್ಲ ಕಾರು ಕೊಳ್ಳೋ ಮುಂಚೆ ಯಾರೂ ಹೇಳಲಿಲ್ಲ," ಎಂದ ಅಬು ಸಖರ್.

"ನಾನು ಹೇಳಬೇಕಿತ್ತು," ಎಂದ ಖಲ್ದೂನ್.

ಅಬು ಸಖರ್ ಸೊಸೆಯ ಕಡೆ ತಿರುಗಿ, "ಮಕ್ಕಳ ಹಾಸಿಗೆ ಇವತ್ತು ನನ್ನ ಕೋಣೆಗೆ ತಾ," ಎಂದ.

ಆಮೇಲೆ ಆರು ವಾರ ಖಲ್ದೂನ್ ಕೂಲಿಯವನ ಹಾಗೆ ದುಡಿದ. ಪಕ್ಕದ ಹುಸ್ನ್ ಊರಿನ, ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬ ವೈರು ಕೂರಿಸುತ್ತಿದ್ದ. ಖಲ್ದೂನ್ ಮುಂದೆ ಮುಂದೆ ಗಾರೆ ಒಡೆದು ದಾರಿ ಬಿಡಿಸುತ್ತಿದ್ದ. ತನಗಿಂತ ಹನ್ನೆರಡು ವರ್ಷ ಚಿಕ್ಕವನಾದ ಅವನು, "ಇನ್ನೂ ಆಳಕ್ಕೆ ತೋಡು," ಎನ್ನುವಾಗ ತೋಡುತ್ತಿದ್ದ. ಕೊನೆಗೆ ಉಳಿದದ್ದು ಅಕ್ಕನ ಮನೆ.

ನವ್ವಾಫ್ ಮನೆಗೆ ಬಂದಿದ್ದ. ವಿಷಯ ಅವನಿಗೆ ಸಿಹಾಮಳೇ ಹೇಳಿದ್ದಳು. ಅವನು ಭಾವಮೈದುನನನ್ನು ಬೈಯಲಿಲ್ಲ. ಮೊದಲಿನ ಹಾಗೆ ಗೇಲಿಯನ್ನೂ ಮಾಡಲಿಲ್ಲ. ಖಲ್ದೂನ್ ಸಲಾಂ ಹೇಳಿದರೆ ಸಲಾಂ ಹೇಳುತ್ತಿದ್ದ, ಆಮೇಲೆ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದ. ಕೆಲಸದ ಕೋಣೆಯ ಮೇಜಿನ ಮೇಲೆ ಅರ್ಧ ಕೆತ್ತಿದ ಒಂದು ಸಾಲು ಮೇಣದ ಹಲ್ಲು ಇತ್ತು. ಅದನ್ನು ಯಾರೂ ತೆಗೆದಿರಲಿಲ್ಲ.

ರುಬಾ ಹೊಸ ಲೈನಿನ ಅರ್ಜಿ ತಂದಿದ್ದಳು. ಮನೆಯ ಯಜಮಾನ ಸಹಿ ಹಾಕಬೇಕಿತ್ತು. ನವ್ವಾಫ್ ಪೆನ್ನನ್ನು ಎರಡು ಸಲ ಹಿಡಿಯಲು ನೋಡಿದ. ಎರಡು ಸಲವೂ ಅದು ಜಾರಿ ಹಾಳೆಯ ಮೇಲೆ ಬಿತ್ತು. ಮೂರನೆಯ ಸಲ ನೋಡಲಿಲ್ಲ.

"ನೀನೇ ಬರಿ," ಎಂದು ಹೆಂಡತಿಗೆ ಹೇಳಿದ.

ಸಿಹಾಮ್ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿ ತುಂಬಿದಳು. ಮನೆಯ ವಿಳಾಸ. ಮೀಟರಿನ ಸಂಖ್ಯೆ. ಕಾರಿನ ಚಾರ್ಜರು ಎಷ್ಟು ಆಂಪಿಯರಿನದು. ಒಂದು ಸಾಲಿಗೆ ಬಂದು ನಿಂತಳು. 'ಹಿಂದಿನ ವೈರಿಂಗ್ ಮಾಡಿದವರು' ಎಂದಿತ್ತು.

"ಇದು ಖಾಲಿ ಬಿಟ್ಟರೂ ನಡೆಯುತ್ತೆ," ಎಂದಳು ರುಬಾ ಮೆಲ್ಲಗೆ.

ಸಿಹಾಮ್ ತಲೆ ಎತ್ತಿ ಬಾಗಿಲ ಬಳಿ ಸುತ್ತಿಗೆ ಹಿಡಿದು ನಿಂತಿದ್ದ ಖಲ್ದೂನನನ್ನು ನೋಡಿದಳು. ಅವನು ದೃಷ್ಟಿ ತಪ್ಪಿಸಲಿಲ್ಲ.

"ಬರಿ, ಅಕ್ಕ," ಎಂದ.

ಅವಳು ಬರೆದಳು: ಖಲ್ದೂನ್, ನನ್ನ ತಮ್ಮ. ಅದರ ಕೆಳಗೆ ಗಂಡನ ಪರವಾಗಿ ತನ್ನ ಸಹಿ ಹಾಕಿದಳು. ಹಾಳೆಯನ್ನು ರುಬಾಳ ಕೈಗೆ ಕೊಟ್ಟು ಎದ್ದು ಒಳಗೆ ಹೋದಳು. ಖಲ್ದೂನ್ ಸುತ್ತಿಗೆ ಎತ್ತಿ ಗೋಡೆಯ ಕಡೆ ತಿರುಗಿದ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಗೂ ಇಂದಲ್ಲ ನಾಳೆ ಕರೆಂಟಿನ ಕಾರೋ ಸ್ಕೂಟರೋ ಬರುತ್ತದೆ. ಬರಲಿ, ಒಳ್ಳೆಯದೇ. ಆದರೆ ಗಾಡಿ ಬರುವ ಮುಂಚೆ ಅದರ ವೈರಿನ ಮಾತಾಡಿ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನನ್ನೇ ಕರೆಯಿರಿ. ಅವನು ನಿಮ್ಮ ತಮ್ಮನೇ ಆಗಿರಲಿ, ವೈರು ಎಷ್ಟು ದಪ್ಪ, ಲೈನು ಬೇರೆಯೇ ಎಳೆಯುತ್ತೀಯಾ, ಅರ್ಥಿಂಗ್ ಪರೀಕ್ಷೆ ಮಾಡಿದೆಯಾ ಎಂದು ಬಾಯಿಬಿಟ್ಟು ಕೇಳಿ. ಕೇಳಿದರೆ ಅವನಿಗೆ ಬೇಜಾರಾಗಬಹುದು, ಆಗಲಿ. ಸ್ಕೂಟರಿಗೆ ಚಿಕ್ಕ ಲೈನು ಸಾಕು, ಕಾರಿಗೆ ಸಾಲದು. ನಿಮ್ಮ ವಿದ್ಯುತ್ ಕಚೇರಿಗೆ ಹೋಗಿ ಮಂಜೂರಾದ ಲೋಡು ಎಷ್ಟು ಎಂದು ವಿಚಾರಿಸಿ. ಎಂಸಿಬಿ ಮತ್ತೆ ಮತ್ತೆ ಬೀಳುತ್ತಿದ್ದರೆ ದೊಡ್ಡದು ಹಾಕಿಸಬೇಡಿ, ಯಾಕೆ ಬೀಳುತ್ತಿದೆ ಎಂದು ಹುಡುಕಿಸಿ. ಗೋಡೆ ಬೆಚ್ಚಗಿದ್ದರೆ, ಪ್ಲಗ್ಗು ಸುಡುತ್ತಿದ್ದರೆ, ತಂದಿರದ ಮೀನಿನ ವಾಸನೆ ಮನೆಯಲ್ಲಿ ಬಂದರೆ, ಮುಂದಿನ ವಾರಕ್ಕೆ ಬಿಡಬೇಡಿ. ಆ ಗಳಿಗೆಯಲ್ಲೇ ಸ್ವಿಚ್ಚು ಇಳಿಸಿ, ಗೋಡೆ ಒಡೆಸಿ ನೋಡಿ. ಒಡೆದ ಗೋಡೆಗೆ ಮತ್ತೆ ಗಾರೆ ಹಾಕಬಹುದು. ನವ್ವಾಫನ ಬೆರಳಿಗೆ ಏನು ಮಾಡಿದರೂ ಮೇಣ ಕೆತ್ತುವ ಆ ಚಾಕು ಹಿಡಿಯಲು ಆಗಲಿಲ್ಲ.